ಎದುರು ಕೂತು ಕಲಿತ ಲೇಸು

ಅವರು ಹೋದ ಸುದ್ದಿ ನನಗೆ ಊಟ ಬಡಿಸುವಾಗ ಸಿಕ್ಕಿತು. ಮೈಸೂರಿನಿಂದ ಬಂದಿದ್ದ ನನ್ನ ಅಣ್ಣ ಸಾರಿಗೆ ಉಪ್ಪು ಸಾಲದು ಎಂದ. ಉಪ್ಪು ಹಾಕಿಸಿಕೊಂಡು ಕಲಸುತ್ತಾ, ಆಗ ಜ್ಞಾಪಕ ಬಂದವನಂತೆ, “ಅಂದ ಹಾಗೆ, ನಿನಗೆ ಲೇಸು ಹೇಳಿಕೊಡ್ತಿದ್ಲಲ್ಲ, ಆ ಮಿಷನ್ನಿನಮ್ಮ, ಹೋಗ್ಬಿಟ್ಲಂತೆ ಕಣೇ. ಜ್ವರ ಬಂದಿತ್ತಂತೆ. ಆಗಲೇ ಎರಡು ತಿಂಗಳಾಯ್ತೋ ಏನೋ” ಎಂದ. ನಾನು ಮಜ್ಜಿಗೆ ತರುತ್ತೇನೆಂದು ಒಳಗೆ ಹೋದೆ. ಮಜ್ಜಿಗೆ ಆಗಲೇ ಪಂಕ್ತಿಯಲ್ಲಿತ್ತು.

ಎಲ್ಲರ ಊಟವಾದ ಮೇಲೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡೆ. ಕೂದಲಿನಿಂದ ನೀರು ತೊಟ್ಟಿಕ್ಕುವ ಸದ್ದಿಗೆ ಅತ್ತೆಯವರು, “ಯಾರು ಹೋದ್ರೇ?” ಎಂದು ಗಾಬರಿಯಾದರು. ಹೇಳಿದೆ. “ಅಯ್ಯೋ ರಾಮ, ನಮಗೇನು ಅವಳದ್ದು ಸೂತಕವೇ? ಸುಮ್ಮನೆ ನೆಗಡಿ ತಂದ್ಕೊತೀಯ” ಎಂದರು. ಅತ್ತೆಯವರು ಹೇಳಿದ್ದು ಶಾಸ್ತ್ರಕ್ಕೆ ಸರಿ. ನಂಜನಗೂಡಿನ ನನ್ನ ತವರಿನಲ್ಲಿ, ಲೇಸು ಕಲಿಸುವ ಅವರು ಬಂದು ಹೋದ ದಿನ ಸ್ನಾನ ಮಾಡುವುದಿತ್ತು. ಅವರಿಗಾಗಿ ಎಂದು ನಾನು ಮಾಡಿದ ಸ್ನಾನ ಇದೊಂದೇ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಮುಂದೆ ಬರೆಯುವುದಕ್ಕೆ ಇದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಆದರೂ ಅವರನ್ನು ಕುರಿತು ಬರೆಯುವವರು ಬೇರೆ ಯಾರಿದ್ದಾರೋ ನನಗೆ ತಿಳಿಯದು.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಬದುಕಿದ್ದಾಗ ನಮ್ಮ ಮನೆಯಲ್ಲಿ ಒಬ್ಬರೂ ಆ ಹೆಸರು ಹಿಡಿದು ಕರೆಯಲಿಲ್ಲ. ಬೀದಿಯವರು ಲೇಸಿನಮ್ಮ ಎನ್ನುತ್ತಿದ್ದರು. ನಮ್ಮಜ್ಜಿ ‘ಅವಳು’ ಎನ್ನುತ್ತಿದ್ದರು. ಹತ್ತು ವರ್ಷದ ಹುಡುಗಿಯಾಗಿದ್ದ ನಾನೂ, ನನಗಿಂತ ಇಪ್ಪತ್ತೈದು ಮೂವತ್ತು ವರ್ಷ ದೊಡ್ಡವರಾದ ಅವರನ್ನು, ಹಿಂದಿನಿಂದ ‘ಅವಳು ಬಂದ್ಲು’ ಎಂದೇ ಹೇಳುತ್ತಿದ್ದೆ.

ವಾರಕ್ಕೆರಡು ಸಲ ಮೈಸೂರಿನಿಂದ ಹೊಗೆಬಂಡಿಯಲ್ಲಿ ಬರುತ್ತಿದ್ದರು. ಕಪ್ಪು ಕೊಡೆ, ಸಣ್ಣ ಅಂಚಿನ ಬಿಳೀ ಸೀರೆ, ಮುಂಗೈವರೆಗೆ ಬರುವ ತೋಳಿನ ಕುಪ್ಪಸ. ಆ ತೋಳಿನ ತುದಿಗೆ ಅವರೇ ಹೆಣೆದ ಲೇಸಿರುತ್ತಿತ್ತು. ಕಂಕುಳಲ್ಲಿ ಸುತ್ತಿದ ಒಂದು ತುಂಡು ಚಾಪೆ, ಚೀಲದಲ್ಲಿ ಕುಡಿಯುವ ನೀರಿನ ಚೊಂಬು. ನಮ್ಮ ಜಗುಲಿಯಲ್ಲಿ ಬಾಗಿಲಿಗೆ ನೇರವಾಗಿ ತಮ್ಮ ಚಾಪೆ ಹಾಸಿ ಕೂರುವರು, ಹೋಗುವಾಗ ಸುತ್ತಿಕೊಂಡು ಹೋಗುವರು. ನೀರು ಕೊಡಿ ಎಂದು ನಮ್ಮನ್ನು ಒಂದು ದಿನವೂ ಕೇಳಲಿಲ್ಲ. ಚಿಕ್ಕವಳಾದ ನನಗೆ ಅದು ಅವರ ಶಿಸ್ತಿನಂತೆ ಕಾಣುತ್ತಿತ್ತು. ಕೇಳಿದರೆ ನಮಗೆ ತೊಂದರೆಯಾಗುತ್ತದೆ ಎಂದು ಅವರು ಮೊದಲೇ ಅದನ್ನು ತಪ್ಪಿಸಿಬಿಟ್ಟಿದ್ದರು ಎನ್ನುವುದು ತಿಳಿದದ್ದು ಆಮೇಲೆ.

ಅವರನ್ನು ಗೊತ್ತು ಮಾಡಿದ್ದು ನಮ್ಮ ತಂದೆ. ತಂದೆ ದೇವಸ್ಥಾನದ ಕಚೇರಿಯಲ್ಲಿ ಗುಮಾಸ್ತರು. ಈಗಿನ ಹುದ್ದೆಯವರ ಮನೆಗಳಲ್ಲಿ ಸೊಸೆಗೆ ಓದು ಬರುತ್ತದೆಯೇ, ಲೇಸು ಬರುತ್ತದೆಯೇ ಎಂದು ಕೇಳುತ್ತಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಅಜ್ಜಿ ಒಪ್ಪಿದ್ದು ಕರಾರಿನ ಮೇಲೆ. ಮೊದಲ ದಿನವೇ ಬಾಗಿಲಲ್ಲಿ ನಿಂತು ಹೇಳಿದರು: “ನೋಡಮ್ಮ, ನಿಮ್ಮ ದೇವರ ಕಥೆ ಗಿಥೆ ಏನೂ ಬೇಡ. ಹಾಡೂ ಬೇಡ.”

“ಆಗಲಿ ಅಮ್ಮ. ನೂಲು ಮಾತ್ರ.”

ಮಾತಿಗೆ ತಪ್ಪಲಿಲ್ಲ. ಆದರೆ ಕೈ ಓಡುವಾಗ ಮೂಗಿನಲ್ಲಿ ಏನೋ ಗುನುಗುವುದಿತ್ತು. “ಅದೇನದು ರಾಗ?” ಎಂದು ಅಜ್ಜಿ ಒಳಗಿನಿಂದ ಕೇಳಿದರೆ, “ಗಂಟು ಎಣಿಸ್ತಿದೀನಿ ಅಮ್ಮ” ಎನ್ನುವರು. ಗಂಟುಗಳನ್ನು ಅಷ್ಟು ಇಂಪಾಗಿ ಎಣಿಸುವವರನ್ನು ಆಮೇಲೆ ನಾನು ಕಾಣಲಿಲ್ಲ.

ಇನ್ನೊಂದು ದಿನ ಅಜ್ಜಿ ಬಹಳ ಹೊತ್ತು ತಡೆದುಕೊಂಡು, ಕೊನೆಗೆ ಕೇಳಿಯೇಬಿಟ್ಟರು. “ಈ ಜಾತಿಗೆ ಹೋಗೋದಕ್ಕೆ ಮೊದಲು ನಿಮ್ಮದು ಯಾವ ಜಾತಿ?”

“ನನಗೆ ಗೊತ್ತಿಲ್ಲ ಅಮ್ಮ. ದೊಡ್ಡ ಬರದಲ್ಲಿ ರಸ್ತೆ ಪಕ್ಕ ಬಿದ್ದಿದ್ದೆನಂತೆ, ಎತ್ತಿಕೊಂಡು ಹೋಗಿ ಸಾಕಿದರು. ಆಗ ಜಾತಿ ಹೇಳೋ ಅಷ್ಟು ಮಾತು ಬರುತ್ತಿರಲಿಲ್ಲ.” ಒಂದು ಸುತ್ತು ನೂಲು ಬಿಡಿಸಿಕೊಂಡು, ನಗು ತೋರಿಸದೆ ಸೇರಿಸಿದರು: “ನಿಮ್ಮವಳೇ ಇದ್ದರೂ ಇರಬಹುದು.”

ಅಜ್ಜಿ ಮತ್ತೆ ಮತ್ತೆ ಬಾಗಿಲಿಗೆ ಬಂದು ಅವರ ಮುಖ ನೋಡಿ ಹೋದರು. ಸಂಜೆ ದೀಪ ಹಚ್ಚುವಾಗ ಅಮ್ಮನ ಹತ್ತಿರ, “ಅಂಥ ಮೂಗು ನಮ್ಮಲ್ಲಿ ಇಲ್ಲ ಬಿಡು” ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಈಗ ಆ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಇದಕ್ಕೆ ಸೂಜಿ ಬೇಡ, ಚೌಕಟ್ಟು ಬೇಡ. ಹೆಬ್ಬೆರಳಿನಷ್ಟು ಉದ್ದದ ಒಂದು ಲಾಳಿ ಸಾಕು, ದೋಣಿಯ ಆಕಾರದ್ದು. ನೇಯ್ಗೆಯವರ ಲಾಳಿಯ ಮರಿ ಎನ್ನಬಹುದು. ಅದರ ಹೊಟ್ಟೆಯಲ್ಲಿ ನೂಲು ಸುತ್ತಿರುತ್ತದೆ. ಎರಡು ತುದಿಗಳು ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ನೂಲು ಎಳೆದಾಗಲೆಲ್ಲ ಟಿಕ್ ಎನ್ನುತ್ತದೆ. ಅವರದು ಮೂಳೆಯ ಲಾಳಿ. ಅದನ್ನು ಅವರು ನಮ್ಮ ಮನೆಯಲ್ಲಿ ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ನನಗೂ ತಮಗೂ ಬಡಗಿಯ ಹತ್ತಿರ ಬೀಟೆ ಮರದಲ್ಲಿ ಎರಡು ಮಾಡಿಸಿ ತಂದಿದ್ದರು. ಮರದ ಲಾಳಿ ನೂಲನ್ನು ಹಿಡಿದು ಸತಾಯಿಸುತ್ತಿತ್ತು, ಅವರು ತೇಯ್ದು ತೇಯ್ದು ನುಣುಪು ಮಾಡಿದರು.

ಒಂದು ಕೈಯ ಬೆರಳುಗಳಿಗೆ ನೂಲನ್ನು ಬಳೆಯಂತೆ ಸುತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಹಿಡಿಯಬೇಕು. ಇನ್ನೊಂದು ಕೈಯ ಲಾಳಿ ಆ ಬಳೆಯ ಕೆಳಗೆ ಹೋಗಿ ಮೇಲೆ ಬರಬೇಕು, ಆಮೇಲೆ ಮೇಲೆ ಹೋಗಿ ಕೆಳಗೆ ಬರಬೇಕು. ಇವೆರಡು ಸೇರಿದರೆ ಒಂದು ಜೋಡಿ ಗಂಟು. ಇಂಥ ಗಂಟುಗಳನ್ನು ಸಾಲಾಗಿ ಹಾಕಿ, ನಡುನಡುವೆ ನೂಲು ಸ್ವಲ್ಪ ಸಡಿಲ ಬಿಟ್ಟರೆ ಅದು ‘ಕಿವಿ’. ಕೊನೆಗೆ ಲಾಳಿಯ ನೂಲನ್ನು ಎಳೆದರೆ ಗಂಟುಗಳೆಲ್ಲ ಜಾರಿ ಒಂದು ಉಂಗುರವಾಗುತ್ತದೆ. ಉಂಗುರದ ಪಕ್ಕ ಉಂಗುರ, ಕಿವಿಗೆ ಕಿವಿ ಕಚ್ಚಿಸಿದರೆ ಲೇಸು. ಹೇಳುವುದು ಇಷ್ಟೇ.

ಕಷ್ಟವಿರುವುದು ಒಂದೇ ಕಡೆ. ಲಾಳಿ ಹಿಡಿದ ಕೈ ಗಂಟು ಹಾಕುತ್ತದೆ, ಆದರೆ ಗಂಟು ಆ ನೂಲಿನಲ್ಲಿ ಉಳಿಯಬಾರದು. ಬೆರಳಿಗೆ ಸುತ್ತಿದ ನೂಲಿಗೆ ನೆಗೆಯಬೇಕು. ನೆಗೆಯದಿದ್ದರೆ ಗಂಟು ಜಾರುವುದಿಲ್ಲ, ಉಂಗುರ ಮುಚ್ಚುವುದಿಲ್ಲ. ಕತ್ತರಿಸಿ ಎಸೆಯುವುದೇ ಗತಿ, ಏಕೆಂದರೆ ಅಂಥ ಗಂಟನ್ನು ಬಿಚ್ಚಲಾಗದು. ಅದು ನೆಗೆಯಬೇಕಾದರೆ, ಲಾಳಿಯ ನೂಲನ್ನು ಬಿಗಿಯಾಗಿ ಎಳೆಯುವ ಆ ಕ್ಷಣದಲ್ಲಿ ಇನ್ನೊಂದು ಕೈಯ ಬೆರಳುಗಳು ಪೂರಾ ಸಡಿಲವಾಗಬೇಕು. “ಎಳೆಯೋ ದಾರ ನೆಟ್ಟಗಿರಬೇಕು, ಸುಮ್ಮನೆ ಕೂತ ದಾರ ಬಳುಕಬೇಕು. ಬೆರಳು ನಿದ್ದೆ ಮಾಡಲಿ ಮಗೂ” ಎನ್ನುವರು. ನನ್ನ ಬೆರಳುಗಳು ನಿದ್ದೆ ಮಾಡುತ್ತಿರಲಿಲ್ಲ. ಇದನ್ನು ಕಲಿಸುವವರು ಸಾಮಾನ್ಯವಾಗಿ ಶಿಷ್ಯೆಯ ಪಕ್ಕದಲ್ಲಿ ಕೂತು, ಅವಳ ಬೆರಳನ್ನು ತಾವೇ ಹಿಡಿದು ಸಡಿಲಿಸಿ ತೋರಿಸುತ್ತಾರೆ. ಅವರು ಹೊಸ್ತಿಲ ಆಚೆ, ನಾನು ಹೊಸ್ತಿಲ ಈಚೆ. ಇದ್ದದ್ದು ಬಾಯಿಮಾತು ಮಾತ್ರ. ತಿಂಗಳುಗಟ್ಟಲೆ ನಾನು ನೂಲು ಕತ್ತರಿಸಿ ಎಸೆದೆ.

ಒಂದು ಮಧ್ಯಾಹ್ನ ಅಜ್ಜಿ ಒಳಗೆ ಮಲಗಿದ್ದರು. ನನಗೆ ಅಳು ಬಂದಿತ್ತು. ಅವರು ಮಾತಾಡುತ್ತಾ ಆಡುತ್ತಾ, ಮರೆತೋ ಬೇಕೆಂದೋ, ಹೊಸ್ತಿಲ ಮೇಲೆ ಬಗ್ಗಿ ನನ್ನ ನಡುಬೆರಳನ್ನು ತಮ್ಮ ಬೆರಳಿನಿಂದ ಮೆಲ್ಲನೆ ಒತ್ತಿದರು. “ಈಗ ಎಳಿ.” ಎಳೆದೆ. ಗಂಟು ನೆಗೆಯಿತು. ಅದು ನೆಗೆದದ್ದು ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಯಿತು. ನಾನು ಕಿರುಚಿದೆನೆಂದು ಕಾಣುತ್ತದೆ. ಅದೇ ಹೊತ್ತಿಗೆ ಅವರೂ, “ಅಯ್ಯೋ ಮಗೂ, ಲಾಳಿ ಎಡಗೈಲಿದೆಯಲ್ಲೇ!” ಎಂದು ಕೂಗಿದರು.

ಎದುರು ಕೂತು ಕಲಿತದ್ದರಿಂದ ನಾನು ಅವರನ್ನು ಕನ್ನಡಿಯಂತೆ ಅನುಸರಿಸಿದ್ದೆ. ಅವರ ಬಲಗೈ ಇದ್ದ ಕಡೆ ನನ್ನ ಎಡಗೈ. ಅವರ ಕಣ್ಣಿಗೂ ಅದು ಕನ್ನಡಿಯೊಳಗಿನ ಕೈಯಂತೆ ಸರಿಯಾಗಿಯೇ ಕಂಡಿರಬೇಕು, ಅಲ್ಲಿಯವರೆಗೆ ಗಮನಿಸಿರಲಿಲ್ಲ. ಮುಟ್ಟಿದಾಗಲೇ ತಿಳಿದದ್ದು.

ಕೂಗು ಕೇಳಿ ಅಜ್ಜಿ ಎದ್ದು ಬಂದರು. ನನ್ನ ಬೆರಳ ಮೇಲೆ ಅವರ ಬೆರಳು ಇನ್ನೂ ಇತ್ತು. ಅಜ್ಜಿ ನನ್ನ ಕಡೆಗೇ ತಿರುಗಿದರು. ನನ್ನ ರಟ್ಟೆ ಹಿಡಿಯದೆ, “ನಡಿಯೇ ಬಾವಿಗೆ” ಎಂದರು. ಬಾವಿಕಟ್ಟೆಯ ಮೇಲೆ ಬಟ್ಟೆ ಸಮೇತ ನನ್ನನ್ನು ಕೂರಿಸಿ ಕೊಡಗಟ್ಟಲೆ ಸುರಿದರು. ಲಾಳಿ ಮುಷ್ಟಿಯಲ್ಲೇ ಇತ್ತು. ಬಾವಿ ಜಗುಲಿಗೆ ದೂರವಿಲ್ಲ. ರಾಟೆಯ ಸದ್ದು, ನೀರು ಸುರಿಯುವ ಸದ್ದು, ಅಜ್ಜಿ ಕೊಡ ಎಣಿಸಿದಂತೆ ಬೈಯುವುದು, ಎಲ್ಲ ಅಲ್ಲಿಗೆ ಕೇಳುತ್ತದೆ. ನಾನು ಒದ್ದೆ ಲಂಗದಲ್ಲಿ ಓಡಿ ಬಂದು ಬಾಗಿಲಿನಿಂದ ನೋಡಿದಾಗ ಅವರು ಚಾಪೆ ಸುತ್ತುತ್ತಿದ್ದರು. ಕತ್ತೆತ್ತಿ ನೋಡಿ, “ನೂಲು ಒದ್ದೆಯಾಗಿದೆ. ನೆರಳಲ್ಲಿ ಒಣಗಿಸು, ಬಿಸಿಲಿಗೆ ಹಾಕಿದರೆ ಬಿಗಿಯುತ್ತೆ” ಎಂದರು.

ಮತ್ತೆ ಬರಲಾರರು ಎಂದುಕೊಂಡಿದ್ದೆ. ಬಂದರು. ಎಡಗೈಯನ್ನು ತಿದ್ದಲು ಹೊಸ ಉಪಾಯವನ್ನೂ ತಂದರು. ಹೊಸ್ತಿಲ ಆಚೆಯೇ ಕೂತು, ನನಗೆ ಬೆನ್ನು ಮಾಡಿ, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಗಂಟು ಹಾಕಿ ತೋರಿಸತೊಡಗಿದರು. ಹಿಂದಿನಿಂದ ನೋಡಿದರೆ ಅವರ ಬಲ ನನ್ನ ಬಲವೇ ಆಗುತ್ತದಲ್ಲ! ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಎದುರುಮನೆಯ ಶಾಸ್ತ್ರಿಗಳು, “ಇದೇನಮ್ಮ, ಸೂರ್ಯನಮಸ್ಕಾರವೋ?” ಎಂದು ಕೇಳಿದರು. ತೋಳು ನೋಯುತ್ತಿತ್ತು, ಕುಪ್ಪಸದ ತೋಳು ಕೆಳಗೆ ಜಾರುತ್ತಿತ್ತು, ನಡುವೆ ಇಳಿಸಿ ನೀವಿಕೊಂಡು ಮತ್ತೆ ಎತ್ತುವರು. ಆ ಬೆನ್ನು ನನಗೆ ಇಂದಿಗೂ ಕಾಣುತ್ತದೆ. ಹೊಸ್ತಿಲು ದಾಟಿ ಒಂದು ಮಾರು ಬಂದು ಪಕ್ಕದಲ್ಲಿ ಕೂತಿದ್ದರೆ ಮುಗಿದುಹೋಗುತ್ತಿದ್ದ ಕೆಲಸಕ್ಕೆ ಅವರು ಅಷ್ಟು ಪಾಡು ಪಟ್ಟರು. ನಾವು ಒಳಗೆ ಕೂತು ನಕ್ಕೆವು. ನಾನೂ ನಕ್ಕೆ.

ಕೈ ಆಗಲೇ ಕೂತುಬಿಟ್ಟಿತ್ತು, ತಿರುಗಲಿಲ್ಲ. “ಎಡಗೈಲಿ ಮಾಡಿದ್ದು ದೇವರ ಮನೆಗೆ ಬೇಡ” ಎಂದು ಅಜ್ಜಿ ತೀರ್ಪು ಕೊಟ್ಟರು. “ನೂಲಿಗೇನು ಗೊತ್ತು, ಬಿಡಿ” ಎಂದರು ತಂದೆ. ಲೇಸು ಮಾತ್ರ ಚೆನ್ನಾಗಿ ಬಂತು. ಮದುವೆಯೂ ಗೊತ್ತಾಯಿತು, ತಿರುಮಕೂಡಲು ನರಸೀಪುರಕ್ಕೆ, ತಾಲ್ಲೂಕು ಕಚೇರಿಯವರ ಮನೆಗೆ. ಕೊನೆಯ ದಿನ ಅವರು ಚಾಪೆ ಸುತ್ತುವಾಗ ನಾನು ಹೊಸ್ತಿಲಲ್ಲಿ ನಿಂತು, ಯಾರಿಗೂ ಕೇಳದ ಹಾಗೆ, “ನನ್ನದೇ ಮನೆ ಆದ ಮೇಲೆ ನೀವು ಬರಬೇಕು. ಒಳಗೆ ಕೂರಿಸ್ಕೋತೀನಿ. ಪಕ್ಕದಲ್ಲೇ” ಎಂದೆ.

“ಮೊದಲು ಕಿವಿಗಳನ್ನ ಒಂದೇ ಅಳತೆಗೆ ಬಿಡೋದು ಕಲಿ” ಎಂದರು. ಆದರೆ ಹೋಗುವಾಗ ಎರಡು ಸಲ ಹಿಂತಿರುಗಿ ನೋಡಿದರು.

ಕೊಟ್ಟ ಮಾತನ್ನು ನಾನು ಮರೆಯಲಿಲ್ಲ. ಇದೊಂದನ್ನು ನಡೆಸಿದರೆ ಆ ಬಾವಿಕಟ್ಟೆಯ ನೀರು, ಎತ್ತಿದ ತೋಳುಗಳು, ನನ್ನ ನಗು, ಎಲ್ಲವೂ ತೀರುತ್ತದೆ ಎಂದು ನಂಬಿದ್ದೆ. ನಾನು ಅಜ್ಜಿಯಂಥವಳಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಮನೆ ನನ್ನ ಕೈಗೆ ಬರಲು ವರ್ಷಗಳು ಹಿಡಿದವು. ಅತ್ತೆಯವರ ಕಣ್ಣು ಮಂಜಾಗಿ ಅವರು ದೇವರ ಮನೆಯ ಪಕ್ಕಕ್ಕೆ ಸರಿದ ಮೇಲೆ ಮಧ್ಯಾಹ್ನಗಳಲ್ಲಿ ನಡುಮನೆ ನನ್ನದಾಯಿತು. ಭಾವನವರ ಹೆಣ್ಣುಮಕ್ಕಳು, ಪಕ್ಕದ ಮನೆಯ ಸೊಸೆ, ಹೀಗೆ ಮೂರು ನಾಲ್ಕು ಮಂದಿ ಬಂದು ಲೇಸು ಕಲಿಯತೊಡಗಿದರು. ಎಲ್ಲರೂ ಒಂದೇ ಜಮಖಾನದ ಮೇಲೆ ನನ್ನನ್ನು ಒತ್ತಿಕೊಂಡು ಕೂರುವರು. ಎಲ್ಲರೂ ನನ್ನ ಹಾಗೆಯೇ ಎಡಗೈಯಲ್ಲಿ ಕಲಿತರು. “ನರಸೀಪುರದ ಲೇಸು ಎಡಚರ ಲೇಸು” ಎಂದು ನಮ್ಮ ಯಜಮಾನರು ಹಾಸ್ಯ ಮಾಡುತ್ತಿದ್ದರು.

ಆ ಕಾಲದಲ್ಲೇ ಚಿಕ್ಕತಾಯಿ ಸೇರಿದಳು. ನಮ್ಮ ಬಟ್ಟೆ ಒಗೆಯುವವರ ಮನೆಯ ಸೊಸೆ, ನನಗಿಂತ ಸ್ವಲ್ಪ ಚಿಕ್ಕವಳು, ಬಾಯಿ ಜೋರು. ಹುಡುಗಿಯರ ಲಂಗದ ಲೇಸು ಹರಿದು ಬಂದಾಗ ನಾನು ಬೈದೆ.

“ಕಲ್ಲಿಗೆ ಬಡೀಬ್ಯಾಡ ಅಂತೀರಿ, ಉಜ್ಜಬ್ಯಾಡ ಅಂತೀರಿ. ಇನ್ನೇನು ಮುತ್ತು ಕೊಟ್ಟು ಒಗೀಲಾ ಅಮ್ಮಾರೆ?” ಎಂದಳು. “ಎಂಗೆ ಮಾಡ್ತಾರೆ ಅಂತ ತೋರ್ಸಿ. ಮಾಡೋದು ತಿಳಿದ್ರೆ ಒಗೆಯೋದೂ ತಿಳೀತದೆ.”

ತೋರಿಸಿದೆ. ಅವಳ ಗಂಡ ತೆಂಗಿನ ಚಿಪ್ಪು ತೇಯ್ದು ಲಾಳಿ ಮಾಡಿಕೊಟ್ಟ. ಬಟ್ಟೆಯ ಹೊರೆ ಇಳಿಸಿ, ಸ್ವಲ್ಪ ಹೊತ್ತು ಕೂತು ಕಲಿತು ಹೋಗುವಳು. ಗಂಟು ಅವಳಿಗೂ ಬಹಳ ದಿನ ನೆಗೆಯಲಿಲ್ಲ. ನಾನು ಬಾಯಲ್ಲಿ ಹೇಳಿದೆ, ಮತ್ತೆ ಮತ್ತೆ ಹೇಳಿದೆ. “ನನ್ನ ಬೆಳ್ಳು ಕೋಣ ಇದ್ದಂಗೆ ಅಮ್ಮಾರೆ, ಏಳಿದ್ ಮಾತು ಕೇಳಾಕಿಲ್ಲ” ಎಂದು ನಗುತ್ತಾ ನೂಲು ಕತ್ತರಿಸುವಳು. ಹೇಗೋ ಕೊನೆಗೆ ಬಂತು. ತನ್ನ ಮಗುವಿನ ಕುಲಾವಿಗೆ ಲೇಸು ಹಾಕಿಕೊಂಡಳು. ನಮ್ಮೆಲ್ಲರಲ್ಲಿ ಅವಳೊಬ್ಬಳು ಬಲಗೈಯಲ್ಲಿ ಮಾಡುತ್ತಿದ್ದಳು. ಸಹಜವಾಗಿಯೇ ಸರಿಯಾದ ಕೈ ಹಿಡಿದಳಲ್ಲ, ಜಾಣೆ, ಎಂದುಕೊಂಡಿದ್ದೆ. ಹುಡುಗಿಯರಿಗೂ ಹಾಗೆಯೇ ಹೇಳಿದ್ದೆ.

ಕೊನೆಗೆ ಅವರು ನಮ್ಮ ಮನೆಗೆ ಬಂದರು. ಮುಡುಕುತೊರೆಯ ಕಡೆ ಯಾರನ್ನೋ ನೋಡಲು ಹೋಗುವ ದಾರಿಯಲ್ಲಿ ನಮ್ಮೂರು ಸಿಗುತ್ತದೆಂದು ತಿಳಿದು, ನಾನೇ ಅಣ್ಣನ ಕೈಲಿ ಹೇಳಿ ಕಳಿಸಿದ್ದೆ. ಜಟಕಾ ಇಳಿದಾಗ ನೋಡಿದೆ, ಕೂದಲು ಪೂರಾ ಬೆಳ್ಳಗಾಗಿತ್ತು. ಕಂಕುಳಲ್ಲಿ ಅದೇ ಸುತ್ತಿದ ಚಾಪೆ. ಜಗುಲಿಯ ಮೇಲೆ ಅದನ್ನು ಬಿಚ್ಚಲು ಹೋದರು. ನಾನು ಅದನ್ನು ಕೈಯಿಂದ ತೆಗೆದುಕೊಂಡು ಗೋಡೆಗೆ ಒರಗಿಸಿದೆ. “ಒಳಗೆ ಬನ್ನಿ” ಎಂದೆ. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತರು, ಸೆರಗು ಸರಿಮಾಡಿಕೊಂಡರು, ದಾಟಿದರು. ಜಮಖಾನದ ಮೇಲೆ ನನ್ನ ಪಕ್ಕದಲ್ಲಿ ಕೂರಿಸಿದೆ. ಕಾಫಿಯನ್ನು ನಾವು ಕುಡಿಯುವ ಹಿತ್ತಾಳೆ ಲೋಟದಲ್ಲೇ ಕೊಟ್ಟೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ಹೊತ್ತು ಸುಮ್ಮನೆ ನೋಡಿದರು. ಆ ಗಳಿಗೆಯಲ್ಲಿ ನನಗಾದ ಹೆಮ್ಮೆಯನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಹುಡುಗಿಯರು ಲಾಳಿ ತೆಗೆದರು. ಸಾಲಾಗಿ ಎಲ್ಲ ಎಡಗೈ. ಅವರು ಒಂದು ಸಲ ಈ ತುದಿಯಿಂದ ಆ ತುದಿಗೆ ನೋಡಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಅಯ್ಯೋ ಮಗೂ, ನನ್ನೊಂದು ತಪ್ಪನ್ನ ನೀನು ಬೀಜ ಬಿತ್ತಿ ಬೆಳೆದಿದ್ದೀಯಲ್ಲ!” ಹುಡುಗಿಯರೂ ನಕ್ಕರು. ಒಳಗಿನಿಂದ ಅತ್ತೆಯವರು, “ಏನ್ರೇ ಅದು ನಗು?” ಎಂದು ಕೇಳಿದರು.

ಅಷ್ಟರಲ್ಲಿ ಚಿಕ್ಕತಾಯಿ ಹೊರೆ ತಂದು ಇಳಿಸಿದಳು. “ಇವ್ರೇನಾ ಅಮ್ಮಾರೆ, ನಿಮ್ಮ ಗುರುಗೋಳು?” ಎಂದು ಹೇಳಿ, ಎಂದಿನಂತೆ ಬಾಗಿಲಿಗೆ ನೇರವಾಗಿ ಜಗುಲಿಯಲ್ಲಿ ಕೂತು, ಮಡಿಲಿನಿಂದ ಚಿಪ್ಪಿನ ಲಾಳಿ ತೆಗೆದಳು. ತೋರಿಸುವ ಆಸೆ ಅವಳಿಗೂ ಇತ್ತು. ಟಿಕ್, ಟಿಕ್, ಎಂದು ಗಂಟುಗಳು ಓಡಿದವು. ಬಲಗೈ.

ಅವರ ನಗು ನಿಂತಿತು. ಅವಳ ಕೈಯನ್ನು ನೋಡಿದರು. ನನ್ನ ಕೈಯನ್ನು ನೋಡಿದರು. “ಇವಳಿಗೆ ಯಾರು ಹೇಳಿಕೊಟ್ಟರು?”

“ನಾನೇ” ಎಂದೆ. ಇನ್ನೂ ಹೆಮ್ಮೆಯಲ್ಲೇ ಇದ್ದೆ. “ತಾನಾಗೇ ಸರಿಯಾದ ಕೈ ಹಿಡಿದಳು ನೋಡಿ.”

ಅವರು ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು. “ಎಲ್ಲಿ ಕೂತು ಕಲಿತೆಯಮ್ಮ?”

“ಇಲ್ಲೇ ಕಣ್ರವ್ವ, ಇನ್ನೆಲ್ಲಿ? ಅಮ್ಮಾರು ಒಸ್ಲಿಂದ ಒಳೀಕೆ, ನಾನು ಈಚೀಕೆ. ಎದ್ರುಬದ್ರು. ಅವ್ರು ಮಾಡ್ದಂಗೇ ಮಾಡ್ದೆ.”

ಆಗ ನನಗೆ ತಿಳಿಯಿತು. ನನ್ನ ಎಡಗೈಯನ್ನು ಎದುರು ಕೂತು ಕಲಿತವಳಿಗೆ ಅದು ಬಲಗೈಯೇ ಆಗಬೇಕು. ಪಕ್ಕದಲ್ಲಿ ಕೂತವರಿಗೆ ಎಡ, ಹೊರಗೆ ಕೂತವಳಿಗೆ ಬಲ. ಯಾರನ್ನು ಎಲ್ಲಿ ಕೂರಿಸಿದೆ ಎಂದು ನಾನು ಯಾರಿಗೂ ಹೇಳಬೇಕಾಗಿರಲಿಲ್ಲ, ಅವರವರ ಕೈಯೇ ಹೇಳುತ್ತಿತ್ತು. ಅದನ್ನು ಓದಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದರು, ಅವರನ್ನು ನಾನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಚಿಕ್ಕತಾಯಿಯನ್ನು ಹೊರಗೆ ಕೂರು ಎಂದು ನಾನು ಹೇಳಿದ ನೆನಪೂ ನನಗಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಅವಳ ಬೆರಳು ಸಡಿಲವಾಗದೆ ತಿಂಗಳುಗಟ್ಟಲೆ ನೂಲು ಕತ್ತರಿಸುತ್ತಿದ್ದಾಗ ಕೈ ಚಾಚಬೇಕೆಂದು ನನಗೆ ಹೊಳೆದಿರಲೂ ಇಲ್ಲ. ನಮ್ಮಜ್ಜಿಗಾದರೂ ತಾವು ಮಾಡುತ್ತಿರುವುದು ಗೊತ್ತಿತ್ತು.

ಅವರು ಕಾಫಿಯನ್ನು ಕೊನೆಯವರೆಗೆ ಕುಡಿದರು. ಲೋಟವನ್ನು ಮೆಲ್ಲನೆ ಕೆಳಗಿಟ್ಟರು. ಎದ್ದು ಹೊಸ್ತಿಲು ದಾಟಿ, ಗೋಡೆಗೆ ಒರಗಿಸಿದ್ದ ತಮ್ಮ ಚಾಪೆ ಬಿಚ್ಚಿ ಚಿಕ್ಕತಾಯಿಯ ಪಕ್ಕದಲ್ಲಿ ಹಾಸಿ ಕೂತರು. “ನಿನ್ನ ಕಿವಿಗಳು ಚೆನ್ನಾಗಿವೆ. ಎರಡು ಉಂಗುರ ಕಚ್ಚಿಸೋದು ಗೊತ್ತೇ?” ಎಂದು ಕೇಳಿ, ಅವಳ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು.

ಅವಳು ಬೆಚ್ಚಿ ಹಿಂದಕ್ಕೆ ಸರಿದಳು. “ಅಯ್ಯೋ ಅವ್ವಾ, ನಾವು ಅಗಸ್ರು.”

“ಬೆರಳು ಸಡಿಲ ಬಿಡು” ಎಂದರು.

ಜಟಕಾದವನು ಬಂದು ಕೂಗುವವರೆಗೆ ಅಲ್ಲೇ ಕೂತಿದ್ದರು. ನಾನು ನಡುಮನೆಯಲ್ಲಿ ಹುಡುಗಿಯರ ಮಧ್ಯೆ ಕೂತಿದ್ದೆ. ಎದ್ದು ಹೋಗಿ ಅವರ ಜೊತೆ ಕೂರಬಹುದಿತ್ತು. ಬಾಗಿಲು ತೆರೆದೇ ಇತ್ತು. ನಾನು ಪಕ್ಕದ ಹುಡುಗಿಯ ಗಂಟು ತಿದ್ದತೊಡಗಿದೆ. ಹೊರಡುವಾಗ ಅವರು ನನಗೆ ಒಂದೇ ಮಾತು ಹೇಳಿದರು: “ಗಂಟು ಬಿಗಿಯಾಗಿ ಕೂರೋ ಹಾಗೆ ಕಲಿಸಿದ್ದೀಯ. ಒಳ್ಳೇದು ಮಗೂ.” ಅದರಲ್ಲಿ ಚುಚ್ಚುಮಾತು ಏನೂ ಇರಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರವಾಗುತ್ತಿದ್ದೆನೋ ಏನೋ. ಬೈಯುವಷ್ಟು ಸಲಿಗೆಯನ್ನು ನಾವು ಅವರಿಗೆ ಎಂದು ಕೊಟ್ಟಿದ್ದೆವು?

ಮೈಸೂರಿಗೆ ಹೋಗಿ ಅವರನ್ನು ಕಾಣಬೇಕು ಎಂದುಕೊಂಡೆ. ಮುಖ ತೋರಿಸುವ ಮೊದಲು ಇಲ್ಲಿ ಸರಿ ಮಾಡಬೇಕು ಎಂದುಕೊಂಡೆ. ನಾಳೆ ಚಿಕ್ಕತಾಯಿಯನ್ನು ಒಳಗೆ ಕರೆಯುತ್ತೇನೆ, ಅತ್ತೆಯವರು ಊರಿಗೆ ಹೋದಾಗ ಕರೆಯುತ್ತೇನೆ, ಹಬ್ಬ ಕಳೆಯಲಿ. ಹೀಗೆ ಕಾಲ ಹೋಯಿತು. ಅವಳು ಬರುತ್ತಿದ್ದಳು, ಅಲ್ಲೇ ಕೂರುತ್ತಿದ್ದಳು. ನಾನು ಒಳಗೆ ಕೂರುತ್ತಿದ್ದೆ. ಈಗ ಗೊತ್ತಿದ್ದೂ ಕೂರುತ್ತಿದ್ದೆ.

ಅಣ್ಣ ಸುದ್ದಿ ಹೇಳಿಹೋದ ಮರುದಿನ ಅವಳು ಹೊರೆ ತಂದಳು. ಹುಡುಗಿಯರು ಇನ್ನೂ ಬಂದಿರಲಿಲ್ಲ. ನನಗೆ ಲೇಸು ಕಲಿಸಿದವರು ಹೋದರು ಎಂದು ಹೇಳಿದೆ. ಅವಳು ಹೊರೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. “ಎಂಥ ಮೆತ್ತನ್ ಕೈ ಕಣಮ್ಮ ಅವ್ರದು” ಎಂದಳು. ಆಮೇಲೆ ಎಂದಿನ ಜಾಗದಲ್ಲಿ ಕೂತು ಲಾಳಿ ತೆಗೆದಳು.

“ಒಳಗೆ ಬಾ ಚಿಕ್ಕತಾಯಿ” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಅವಳು ನನ್ನನ್ನು ನೋಡಿದಳು, ನನ್ನ ಹಿಂದಿನ ನಡುಮನೆಯನ್ನು ನೋಡಿದಳು. ಅಲ್ಲಿ ಮೇಲೆ ತೆರೆದಿದ್ದ ತೊಟ್ಟಿಯಿಂದ ಮಧ್ಯಾಹ್ನದ ಬಿಸಿಲು ಜಮಖಾನದವರೆಗೂ ಬಿದ್ದಿತ್ತು.

“ಬ್ಯಾಡಿ ಅಮ್ಮಾರೆ” ಎಂದಳು, ಬಹಳ ಮೆತ್ತಗೆ. “ಒಳೀಕೆ ಬೆಳಕು ಸಾಲಾಕಿಲ್ಲ.”

ನಾನು ಎದ್ದು ಹೊರಗೆ ಹೋದೆ. ಅವಳ ಬಲಕ್ಕೆ, ಬರೀ ನೆಲದ ಮೇಲೆ ಕೂತು ನೂಲು ಸುತ್ತಿಕೊಂಡೆ. ಎರಡು ಗಂಟು ಹಾಕುವಷ್ಟರಲ್ಲಿ ನನ್ನ ಎಡ ಮೊಣಕೈ ಅವಳ ಬಲ ಮೊಣಕೈಗೆ ಬಡಿಯಿತು. “ತಪ್ಪಾಯ್ತು ಅಮ್ಮಾರೆ” ಎಂದು ಅವಳು ಚಟ್ಟನೆ ತೋಳು ಎಳೆದುಕೊಂಡಳು. ತಪ್ಪು ಅವಳದಲ್ಲ, ನಾನು ಕೂತ ಜಾಗದ್ದು. ಎದ್ದು ಅವಳ ಎಡಕ್ಕೆ ಬಂದು ಕೂತೆ. ಈ ಕಡೆ ಕೂತರೆ ಲಾಳಿಯ ಕೈಗಳೆರಡೂ ಹೊರಮಗ್ಗುಲಿಗೆ ಬರುತ್ತವೆ, ಭುಜಕ್ಕೆ ಭುಜ ತಾಗಿಸಿ ಕೂತರೂ ಯಾರ ಕೆಲಸಕ್ಕೂ ಅಡ್ಡಿಯಿಲ್ಲ.

ಅವಳು ಸೆರಗನ್ನು ಮೊಣಕಾಲ ಕೆಳಗೆ ಒತ್ತಿಕೊಂಡು, ಕೈಯ ಗಂಟು ಬಿಡದೆ, ಒಂದು ಗೇಣು ಆಚೆಗೆ ಸರಿದು ಕೂತಳು.